ಒಂದು ಕಾಲು ಕಲ್ಲಿನ ಮೇಲೆ

ಮಕ್ತಲ್ ಕಡೆಯ ನಮಗೆ ಹೊಳೆ ನಡುವಿನ ಕುರವಗಡ್ಡೆಯ ಶ್ರೀಪಾದ ಶ್ರೀವಲ್ಲಭರ ದರ್ಶನವೆಂದರೆ ಮೊದಲು ಪಂಚದೇವ ಪಹಾಡ, ಆಮೇಲೆ ಹರಿಗೋಲು. ತೆಲುಗರ ಬಾಯಲ್ಲಿ ಅದು ಪುಟ್ಟಿ. ಬಿದಿರು ಹೆಣೆದ ದುಂಡು ಬುಟ್ಟಿ. ಹಿಂದೆ ಚರ್ಮ ಹೊದಿಸುತ್ತಿದ್ದರು, ಆಮೇಲೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದವು. ಹೊಳೆಯ ನಡುವೆ ನಮ್ಮ ಅಜ್ಜಿ ನಿಶ್ಚಿಂತೆಯಿಂದ ಜಪ ಮಾಡುತ್ತಿದ್ದಳು. ಅವಳ ಜೀವ ಕೈಗೆ ಬರುತ್ತಿದ್ದುದು ಹತ್ತುವಾಗ, ಇಳಿಯುವಾಗ.

ನಾರಾಯಣಪೇಟೆ ಸೀರೆಯ ನೆರಿಗೆ ಎತ್ತಿ ಹಿಡಿದು ಅವಳು ಅಂಚಿಗೆ ಕಾಲು ಚಾಚಿದರೆ ಅಂಬಿಗ ಕೂಗುತ್ತಿದ್ದ: ‘ಯವ್ವಾ, ಅಂಚಿಗಿ ಇಡಬ್ಯಾಡ, ನಡುವಿಗಿ ಇಡು. ಇಟ್ಟಕೂಡ್ಲೆ ಕುಂದ್ರು!’ ಹುಟ್ಟನ್ನು ನೆಲಕ್ಕೆ ಊರಿ ಹರಿಗೋಲನ್ನು ದಡಕ್ಕೆ ಒತ್ತಿ ಹಿಡಿದಿರುತ್ತಿದ್ದ. ಹಾಗೆ ಹಿಡಿಯದಿದ್ದರೆ, ಹಿಂದಿನ ಕಾಲು ಕಲ್ಲನ್ನು ಎಷ್ಟು ಒದೆಯುತ್ತದೋ ಮುಂದಿನ ಕಾಲು ದೋಣಿಯನ್ನು ಅಷ್ಟೇ ಆಚೆ ತಳ್ಳುತ್ತದೆ. ಮನುಷ್ಯ ನಡುವೆ ಸೀಳಿ ನೀರಿಗೆ.

ಅಜ್ಜಿಗೆ ಬೈದದ್ದನ್ನು ಅಷ್ಟು ಸಲ ಕೇಳಿದ್ದರೂ ಹೊನ್ನಾವರದಲ್ಲಿ ನಾನು ಮಾಡಿದ್ದು ಅದೇ ತಪ್ಪು. ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ನೋಡಲು ಕಯಾಕ್ ಹತ್ತಬೇಕಿತ್ತು. ಏಳೆಂಟು ಅಡಿ ಅಗಲದ ಹರಿಗೋಲು ಕಂಡವನಿಗೆ ಎರಡು ಅಡಿ ಅಗಲದ ಈ ದೋಣಿ ಬಾಳೆದಿಂಡಿನಂತೆ ಕಂಡಿತು. ದೋಣಿ ಕಟ್ಟುವ ಧಕ್ಕೆಯ ಮೇಲೆ ನಿಂತೇ ಕಾಲಿಟ್ಟೆ. ನೀರು ಎದೆಮಟ್ಟ ಇತ್ತು, ಲೈಫ್ ಜಾಕೆಟ್ ಇತ್ತು, ಮರ್ಯಾದೆ ಮಾತ್ರ ಮುಳುಗಿತು.

ಅಲ್ಲಿನ ಹುಡುಗ ನಗದೆ ಕಲಿಸಿದ. ಧಕ್ಕೆ ನೀರಿನ ಮಟ್ಟಕ್ಕೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ಕಯಾಕನ್ನು ಧಕ್ಕೆಗೆ ಉದ್ದಕ್ಕೂ ತಾಗಿಸಿ, ಹುಟ್ಟನ್ನು ಕೈಗೆಟುಕುವಂತೆ ಇಟ್ಟು, ಆಸನದ ಪಕ್ಕಕ್ಕೇ ಅಂಚಿನಲ್ಲಿ ಕೂತುಬಿಡಬೇಕು. ಎರಡೂ ಪಾದ ದೋಣಿಯ ನಡುಗೆರೆಗೆ. ಆಮೇಲೆ ಮುಂಡವನ್ನು ಧಕ್ಕೆಯತ್ತ ತಿರುಗಿಸಿ, ಎರಡೂ ಅಂಗೈ ಹಲಗೆಗೆ ಊರಿ, ಮೈ ಎತ್ತಿ, ಪೃಷ್ಠವನ್ನು ಸರಕ್ಕನೆ ಆಸನಕ್ಕೆ ಇಳಿಸಬೇಕು. ಅರ್ಧದಲ್ಲಿ ಅನುಮಾನಿಸಿ ನಿಂತರೆ ಕೆಟ್ಟಿತು. ಕೂತ ಮೇಲೆ ಭಾರ ತಗ್ಗಿಗೆ ಬರುತ್ತದೆ, ದೋಣಿ ಸಾಧುವಾಗುತ್ತದೆ. ನಮ್ಮ ಅಂಬಿಗನ ‘ಕುಂದ್ರು’ ಎಂಬ ಮಾತಿನ ಗುಟ್ಟು ನನಗೆ ಗೊತ್ತಾದದ್ದು ಆಗ, ಐವತ್ತು ದಾಟಿದ ಮೇಲೆ.

ಇಳಿಯುವುದು ಇನ್ನೂ ಕಷ್ಟ. ಕಾಲು ಮರಗಟ್ಟಿರುತ್ತವೆ, ದಡ ಬಂತೆಂಬ ಅವಸರ ಬೇರೆ. ಹುಟ್ಟನ್ನು ಮೊದಲು ಧಕ್ಕೆಗೆ ಹಾಕಿ, ಮೊಣಕಾಲು ಮಡಚಿ ಪಾದಗಳನ್ನು ಹತ್ತಿರಕ್ಕೆ ಎಳೆದುಕೊಂಡು, ಅಂಗೈ ಊರಿ ಮತ್ತೆ ಆ ಅಂಚಿಗೇ ಕೂರಬೇಕು. ಪಾದಗಳು ಕೊನೆಗೆ ಬರುತ್ತವೆ. ಕೂರಲು ಆಗದಿದ್ದರೆ ಹೊಟ್ಟೆಯ ಮೇಲೆ ಒರಗಿ ತೆವಳಿದರೂ ಅಡ್ಡಿಯಿಲ್ಲ ಎಂದ ಹುಡುಗ. ನಾನು ಉಡದ ಹಾಗೆ ತೆವಳಿದೆ. ತಂಗಿಯ ಮಗ ಫೋಟೊ ತೆಗೆದು ಇಡೀ ಮನೆಮಂದಿಗೆ ಕಳಿಸಿದ್ದಾನೆ.