ಅಲುಗಾಡುವ ಹದಿನಾರು ಕೆ

1981ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಸಿಂಕ್ಲೇರ್ ಕಂಪನಿ ಝಡ್‌ಎಕ್ಸ್ 81 ಎಂಬ ಪುಟ್ಟ ಕಂಪ್ಯೂಟರನ್ನು ಎಪ್ಪತ್ತು ಪೌಂಡಿನೊಳಗಿನ ಬೆಲೆಗೆ ಮಾರುಕಟ್ಟೆಗೆ ಬಿಟ್ಟಿತು. ಅದರ ಮೆಮೊರಿ ಬರೀ 1 ಕೆ, ಅಂದರೆ 1,024 ಬೈಟು. ನೀವೀಗ ಓದುತ್ತಿರುವ ಲೇಖನಕ್ಕೂ ಅದು ಸಾಲದು. ಹಾಗಾಗಿ ಕೊಂಡವರಲ್ಲಿ ಅನೇಕರು ಬೆನ್ನಿಗೆ ಸಿಕ್ಕಿಸುವ 16 ಕೆ ರ‍್ಯಾಮ್ ಪ್ಯಾಕನ್ನೂ ಕೊಂಡರು. ಅಲುಗಾಡುವ ಹಲ್ಲಿನ ಹಾಗೆ ಅದು ಹಿಂದೆ ನೇತಾಡುತ್ತಿತ್ತು. ಕೀ ಒತ್ತುವಾಗ ಯಂತ್ರ ಚೂರು ಅದುರಿದರೂ ಸಾಕು, ಗಂಟೆಗಟ್ಟಲೆ ಕೂತು ಟೈಪ್ ಮಾಡಿದ್ದೆಲ್ಲ ಮಾಯ.

ಆ ಪ್ಯಾಕುಗಳನ್ನು ಇಂದಿಗೂ ಬದುಕಿಸಿಕೊಂಡಿರುವ ಹವ್ಯಾಸಿಗಳಿದ್ದಾರೆ. ಅವರಲ್ಲಿ ಪಳಗಿದವರನ್ನು ಗುರುತಿಸುವುದು ಸುಲಭ: ಬೆಸುಗೆ ಕಡ್ಡಿಗೆ ಅವರು ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಮೊದಲ ಅನುಮಾನ ಲೂಸ್ ಕಾಂಟ್ಯಾಕ್ಟ್ ಮೇಲೆ. ಬೋರ್ಡಿನ ಅಂಚಿನ ಲೋಹದ ಪಟ್ಟಿಗಳಿಗೆ ನಲವತ್ತು ವರ್ಷದ ಕಿಲುಬು ಹಿಡಿದಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಅವನ್ನು ಒರೆಸಿ, ಪ್ಯಾಕು ಅಲುಗದಂತೆ ಟೇಪು ಹಾಕಿ ನೋಡಬೇಕು. ಎಷ್ಟೋ 'ಕೆಟ್ಟ' ಪ್ಯಾಕುಗಳು ಇಷ್ಟಕ್ಕೇ ಸರಿಹೋಗುತ್ತವೆ. ಒಂದು ಮಾತು: ಪವರ್ ಇರುವಾಗ ಪ್ಯಾಕನ್ನು ಹಾಕುವುದು, ತೆಗೆಯುವುದು ಮಾತ್ರ ಬೇಡ.

ಮುಂದಿನ ಸುಳಿವನ್ನು ಯಂತ್ರವೇ ಕೊಡುತ್ತದೆ. ಈ ಭಾಗ ನನಗೆ ಬಲು ಇಷ್ಟ. ಸ್ವಿಚ್ ಹಾಕಿದೊಡನೆ ಝಡ್‌ಎಕ್ಸ್ 81 ಮೆಮೊರಿಯ ಪ್ರತಿ ಕೋಣೆಯಲ್ಲೂ 2 ಎಂದು ಬರೆದಿಡುತ್ತದೆ. ಆಮೇಲೆ ಕೆಳಗಿನಿಂದ ಒಂದೊಂದೇ ಕೋಣೆಗೆ ಹೋಗಿ ಎರಡು ಸಲ ಒಂದನ್ನು ಕಳೆಯುತ್ತದೆ. ಮೊದಲ ಸಲಕ್ಕೇ ಸೊನ್ನೆ ಬಂದರೆ ತಪ್ಪು, ಎರಡನೇ ಸಲವೂ ಬಾರದಿದ್ದರೆ ತಪ್ಪು. ಲೆಕ್ಕ ತಪ್ಪಿದಲ್ಲಿಗೆ ಮೆಮೊರಿ ಮುಗಿಯಿತೆಂದು ತೀರ್ಮಾನಿಸಿ, ಯಾರಿಗೂ ದೂರು ಹೇಳದೆ ಕೆಲಸ ಶುರುಮಾಡುತ್ತದೆ. ಆ ಎಲ್ಲೆ ಯಾವುದೆಂದು ತಿಳಿಯಲು 'ಪ್ರಿಂಟ್ ಪೀಕ್ 16388 + 256 * ಪೀಕ್ 16389' ಎಂದು ಟೈಪ್ ಮಾಡಿದರೆ ಸಾಕು. 32768 ಬಂದರೆ ಪೂರ್ತಿ 16 ಕೆ ಸಿಕ್ಕಿದೆ. 17408 ಬಂದರೆ ಯಂತ್ರಕ್ಕೆ ಪ್ಯಾಕು ಕಂಡೇ ಇಲ್ಲ, ತನ್ನ 1 ಕೆ ಮಾತ್ರ ಎಣಿಸಿಕೊಂಡಿದೆ. ಮತ್ತೆ ಕಾಂಟ್ಯಾಕ್ಟ್ ನೋಡಿ. ನಡುವಿನ ಯಾವುದೋ ಸಂಖ್ಯೆ ಬಂದರೆ ಅದೇ ಕೆಟ್ಟ ಕೋಣೆಯ ವಿಳಾಸ.

ಆದರೆ ಈ ಪರೀಕ್ಷೆಯ ಕಣ್ಣು ತಪ್ಪಿಸುವ ದೋಷವೂ ಉಂಟು. ಒಂದು ಕೋಣೆಯ ಮೇಲಿನ ಆರು ಬಿಟ್‌ಗಳಲ್ಲಿ ಒಂದು ಸದಾ ಸೊನ್ನೆಯಾಗಿಯೇ ಸತ್ತಿದ್ದರೂ, 2ರಿಂದ 0ಗೆ ಇಳಿಯುವ ಲೆಕ್ಕಕ್ಕೆ ಅದು ಬೇಕಾಗುವುದಿಲ್ಲ. 32768 ಬರುತ್ತದೆ, ಪ್ರೋಗ್ರಾಮ್ ಮಾತ್ರ ನಡುವೆ ಕೈಕೊಡುತ್ತದೆ. ಆಗ 'ಪೋಕ್' ಆಜ್ಞೆಯಿಂದ 16388ರಲ್ಲಿ 0, 16389ರಲ್ಲಿ 96 ಬರೆದು 'ನ್ಯೂ' ಆಜ್ಞೆ ಕೊಟ್ಟರೆ 24576ರಿಂದ ಮೇಲಿನದನ್ನು ಯಂತ್ರ ಮುಟ್ಟುವುದಿಲ್ಲ. ಅಲ್ಲಿನ ಒಂದೊಂದು ಕೋಣೆಗೂ 255 ಬರೆದು ಓದಬೇಕು. 251 ಬಂತೆನ್ನಿ: ನಾಲ್ಕು ಕಡಿಮೆ, ಅಂದರೆ ಕೆಳಗಿನಿಂದ ಮೂರನೇ ಬಿಟ್ ಸತ್ತಿದೆ. ಪ್ಯಾಕಿನಲ್ಲಿರುವುದು 4116 ಎಂಬ ಎಂಟು ಚಿಪ್, ಒಂದೊಂದೂ ಒಂದೊಂದು ಬಿಟ್ಟಿಗೆ. ಕೆಟ್ಟದ್ದು ಯಾವುದೆಂದು ಪ್ಯಾಕು ಬಿಚ್ಚದೆಯೇ ಗೊತ್ತಾಯಿತು.

ಯಂತ್ರ ಸಿದ್ಧವೆಂದು ಸೂಚಿಸುವ 'ಕೆ' ಕರ್ಸರೇ ಪರದೆಯಲ್ಲಿ ಬಾರದಿದ್ದರೆ ಈ ಯಾವ ಉಪಾಯವೂ ನಡೆಯದು. ಆಗ ಮಲ್ಟಿಮೀಟರ್ ಹಿಡಿಯಬೇಕು. 4116ಕ್ಕೆ ಮೂರು ಬಗೆಯ ವೋಲ್ಟೇಜ್ ಬೇಕು: ಒಂದನೇ ಕಾಲಿಗೆ ಮೈನಸ್ 5, ಎಂಟನೆಯದಕ್ಕೆ 12, ಒಂಬತ್ತನೆಯದಕ್ಕೆ 5. ಕಂಪ್ಯೂಟರಿನಿಂದ ಬರುವ 9 ವೋಲ್ಟಿನಿಂದ 12ನ್ನೂ ಮೈನಸ್ 5ನ್ನೂ ಪ್ಯಾಕೇ ತಯಾರಿಸಿಕೊಳ್ಳುತ್ತದೆ. ಆ ಭಾಗದ ಕೆಪಾಸಿಟರ್ ಒಣಗಿ ಮೈನಸ್ 5 ಇಲ್ಲವಾದರೆ ಚಿಪ್‌ಗಳೇ ಸಾಯುತ್ತವೆ. ಸಪ್ಲೈ ನೋಡದೆ ಹೊಸ ಚಿಪ್ ಹಾಕಿದರೆ ಅದೂ ಹಳೆಯದರ ದಾರಿ ಹಿಡಿಯುತ್ತದೆ.

ಚಿಪ್ ಬದಲಿಸಲೇಬೇಕಾದಾಗ ಅದನ್ನು ಇಡಿಯಾಗಿ ಕೀಳಲು ಹೋಗಬಾರದು. ಹದಿನಾರೂ ಕಾಲುಗಳನ್ನು ಕಟರ್‌ನಿಂದ ಕತ್ತರಿಸಿ, ಉಳಿದ ತುಂಡುಗಳನ್ನು ಒಂದೊಂದಾಗಿ ಕಾಯಿಸಿ ಎಳೆಯಬೇಕು. ಚಿಪ್ ಇನ್ನೊಂದು ಸಿಕ್ಕೀತು, ತಾಮ್ರದ ಗೆರೆ ಕಿತ್ತುಬಂದ ಬೋರ್ಡಿಗೆ ಬದಲಿ ಎಲ್ಲಿಂದ ತರುವುದು? ಖಾಲಿಯಾದ ತೂತುಗಳಿಗೆ ಸಾಕೆಟ್ ಕೂರಿಸಿ ಹೊಸ ಚಿಪ್ ಹಾಕಿ, ಯಂತ್ರವನ್ನು ಅರ್ಧ ಗಂಟೆ ಕಾಯಲು ಬಿಟ್ಟು ಅದೇ ಪರೀಕ್ಷೆಗಳನ್ನು ಮತ್ತೆ ಮಾಡಬೇಕು. ಕೆಲವು ಚಿಪ್‌ಗಳ ದೋಷ ಬಿಸಿಯಾದ ಮೇಲಷ್ಟೇ ಹೊರಬೀಳುತ್ತದೆ.