ಮುಂಚೆ ಬಂದ ಮಿಡಿತ

‘ಎದೇಲಿ ಒಂದೇಟು ತಪ್ಪಿದಂಗಾಯ್ತದೆ ಡಾಕ್ಟ್ರೇ’ ಎಂಬ ಮಾತು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ವೈದ್ಯರಿಗೆ ಹೊಸದಲ್ಲ. ನಿಜಕ್ಕೂ ಅಲ್ಲಿ ಬಡಿತ ತಪ್ಪಿರುವುದಿಲ್ಲ, ಒಂದು ಬಡಿತ ಮುಂಚೆಯೇ ಬಂದಿರುತ್ತದೆ. ಎಷ್ಟೋ ಸಲ ಹೃದಯದ ಮೇಲ್ಕೋಣೆಯ ಯಾವುದೋ ಮೂಲೆ ಸರದಿಗೆ ಕಾಯದೆ ಮಿಡಿಯುತ್ತದೆ. ರಕ್ತ ತುಂಬುವ ಮೊದಲೇ ಬಂದ ಆ ಮಿಡಿತ ನಾಡಿಗೆ ಸರಿಯಾಗಿ ಸಿಗುವುದಿಲ್ಲ. ನಂತರದ ಬಿಡುವು, ಆಮೇಲಿನ ಜೋರು ಬಡಿತ ಇವೆರಡೇ ರೋಗಿಯ ಅರಿವಿಗೆ ಬರುವುದು.

ಈ ಗಂಟನ್ನು ಬಿಡಿಸಿದವರಲ್ಲಿ ಮುಖ್ಯರಾದ ಜೇಮ್ಸ್ ಮೆಕೆಂಝಿ ಆಗ ಇಂಗ್ಲೆಂಡಿನ ಬರ್ನ್ಲಿ ಎಂಬ ಗಿರಣಿ ಊರಿನ ಸಾಮಾನ್ಯ ವೈದ್ಯರು. ಕೈನಾಡಿ ಮತ್ತು ಕುತ್ತಿಗೆಯ ರಕ್ತನಾಳದ ಮಿಡಿತವನ್ನು ಒಟ್ಟಿಗೆ ಕಾಗದಕ್ಕಿಳಿಸಿ, ನಾಡಿಯ ಕುರಿತ ತಮ್ಮ ಗ್ರಂಥವನ್ನು 1902ರಲ್ಲಿ ಹೊರತಂದರು. ಅವೇ ಮನೆತನಗಳನ್ನು ವರ್ಷಗಟ್ಟಲೆ ನೋಡುತ್ತಿದ್ದುದರಿಂದ, ಇಂಥ ಬಡಿತವಿದ್ದ ಬಹಳ ಮಂದಿ ಆರಾಮವಾಗಿ ಬಾಳುವುದು ಅವರ ಕಣ್ಣಿಗೆ ಬಿತ್ತು. ರೋಗಿ ಒಮ್ಮೆ ಬಂದು ಹೋಗುವ ದೊಡ್ಡಾಸ್ಪತ್ರೆಯಲ್ಲಿ ಇದು ತಿಳಿಯುವುದು ಕಷ್ಟವಿತ್ತು.

ಅದೇ ಕಾಲಕ್ಕೆ ನೆದರ್ಲೆಂಡ್ಸಿನ ಲೈಡನ್‌ನಲ್ಲಿ ವಿಜ್ಞಾನಿ ಐಂಥೋವನ್ ಇಸಿಜಿ ಯಂತ್ರ ಕಟ್ಟಿದರು. ತೂಕ ಸುಮಾರು 270 ಕಿಲೊ! ರೋಗಿಯ ಬಳಿಗೆ ಒಯ್ಯಲಾಗದೆ, 1905ರಲ್ಲಿ ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ಟೆಲಿಫೋನ್ ತಂತಿಯ ಮೂಲಕವೇ ಹೃದಯದ ಗೆರೆಗಳನ್ನು ತರಿಸಿಕೊಂಡರು. ನಮ್ಮಲ್ಲಿ 2002ರಲ್ಲಿ ಇಸ್ರೊ ಉಪಗ್ರಹ ಚಾಮರಾಜನಗರ, ಸರಗೂರಿನ ಆಸ್ಪತ್ರೆಗಳನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. ಹೃದಯಾಘಾತಕ್ಕೆಂದು 2023ರಲ್ಲಿ ರಾಜ್ಯ ಸರ್ಕಾರ ತಂದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರದ ತಜ್ಞರು ಕೂತಲ್ಲೇ ಓದುತ್ತಾರೆ.

ಆದರೆ ಮುಂಚೆ ಬರುವ ಮಿಡಿತ ಇಸಿಜಿಯ ಹತ್ತು ಸೆಕೆಂಡಿಗೆ ಸಿಕ್ಕೇ ಸಿಗುತ್ತದೆಂಬ ಭರವಸೆಯಿಲ್ಲ. ಅದಕ್ಕೇ ದಿನವಿಡೀ ದಾಖಲಿಸುವ ಹೋಲ್ಟರ್ ಬೇಕು. ಅಮೆರಿಕದ ನಾರ್ಮನ್ ಹೋಲ್ಟರ್ ಮೊದಲು ಕಟ್ಟಿದ್ದು ಬೆನ್ನಿಗೆ ಹೊರುವ 38 ಕಿಲೊ ಸಲಕರಣೆ. ಇಂದಿನದು ಅಂಗಿಯೊಳಗೆ ಅಡಗುತ್ತದೆ. ಮಿಡಿತ ಪತ್ತೆಯಾದ ಮೇಲೆ ಥೈರಾಯ್ಡ್, ರಕ್ತದೊತ್ತಡ, ಪೊಟ್ಯಾಸಿಯಂ ನೋಡಿಸಿ, ನಿದ್ದೆ ಸರಿಪಡಿಸಿ, ಬೀಡಿ, ಮದ್ಯ ಬಿಟ್ಟರೆ ಎಷ್ಟೋ ಜನಕ್ಕೆ ಅಷ್ಟೇ ಸಾಕು. ತೀರಾ ಕಾಡಿದರೆ ಬೀಟಾ ಬ್ಲಾಕರ್ ಮಾತ್ರೆಯುಂಟು.

ಕೆಲವರಲ್ಲಿ ಮಾತ್ರ ಇದೇ ಮಿಡಿತ ಮೇಲ್ಕೋಣೆಯ ಅಡ್ಡಾದಿಡ್ಡಿ ಕಂಪನಕ್ಕೆ ಕಿಡಿಯಾಗುತ್ತದೆ. ಆಗ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯುವ ಭಯವಿದೆ. 1998ರಲ್ಲಿ ಫ್ರಾನ್ಸಿನ ಹೈಸಾಗೆರ್ ತಂಡ 45 ರೋಗಿಗಳಲ್ಲಿ ಹುಡುಕಿದಾಗ, ಆ ಕಿಡಿಗಳಲ್ಲಿ ಶೇ 94ರಷ್ಟು ಶ್ವಾಸಕೋಶದಿಂದ ಬರುವ ರಕ್ತನಾಳಗಳಲ್ಲಿ ಸಿಕ್ಕವು. ಕಿಡಿಯ ಜಾಗವನ್ನು ನಿಷ್ಕ್ರಿಯಗೊಳಿಸುವ ಇಂದಿನ ಅಬ್ಲೇಷನ್ ಚಿಕಿತ್ಸೆ ಗುರಿಯಿಡುವುದೂ ಅಲ್ಲಿಗೇ.

ಈ ಕೆಲವರನ್ನು ಹೆಕ್ಕಿ ತೆಗೆಯುವ ಕೆಲಸ ನಡೆಯಬೇಕಾದದ್ದು ತಾಲ್ಲೂಕಿನಲ್ಲೇ. ಹೋಲ್ಟರ್ ಕಟ್ಟಿಸಲು ಒಂದು ದಿನ, ಬಿಚ್ಚಿಸಲು ಇನ್ನೊಂದು ದಿನ ಮೈಸೂರಿನ ಬಸ್ಸು ಹತ್ತುವ ಕೂಲಿಯಾಳಿಗೆ ಎರಡು ದಿನದ ದುಡಿಮೆ ಹೋಗುತ್ತದೆ. ಎರಡನ್ನೂ ಕೆ.ಆರ್. ಪೇಟೆಯಲ್ಲೇ ಮಾಡಿ, ದಾಖಲೆಯನ್ನಷ್ಟೇ ತಜ್ಞರಿಗೆ ಕಳಿಸುವಂತಾಗಬೇಕು.