ಮೈನ್ ಗುಡಿಸಲೆಂದು ಹುಟ್ಟಿದ ‘ಬೆಂಗಾಲ್’

ಬಾಂಬೆ, ಮದ್ರಾಸ್, ಪಂಜಾಬ್, ಬೆಂಗಾಲ್. ಎರಡನೇ ಮಹಾಯುದ್ಧದ ನಡುವೆ ಬ್ರಿಟಿಷ್ ಭಾರತದ ನೌಕಾಪಡೆಗಾಗಿ ಆಸ್ಟ್ರೇಲಿಯಾದಲ್ಲಿ ಕಟ್ಟಿದ ನಾಲ್ಕು ಮೈನ್‌ಸ್ವೀಪರ್‌ಗಳಿಗೆ ಇಲ್ಲಿನ ಪ್ರಾಂತಗಳದೇ ಹೆಸರು. ‘ಬೆಂಗಾಲ್’ 1942ರ ಆಗಸ್ಟ್‌ನಲ್ಲಿ ಸಿಡ್ನಿಯಲ್ಲಿ ಸೇವೆಗೆ ಸೇರಿತು. ಉದ್ದ 57 ಮೀಟರ್, ವೇಗ ಹೆಚ್ಚೆಂದರೆ 15 ನಾಟ್.

ಇಂಥ ಹಡಗಿನ ಕಸುಬು ಬೇಸರ ತರಿಸುವಂಥದ್ದು, ಜೀವಕ್ಕೂ ಅಪಾಯ. ಹಡಗು ಸಿಡಿಸುವ ಸ್ಫೋಟಕಗಳಾದ ಮೈನ್‌ಗಳನ್ನು ಸಮುದ್ರದ ತಳಕ್ಕೆ ಸರಪಳಿಯಿಂದ ಕಟ್ಟಿ, ನೀರಿನ ಮೇಲ್ಮೈಗಿಂತ ತುಸು ಕೆಳಗೆ ತೇಲುವಂತೆ ಬಿಟ್ಟಿರುತ್ತಾರೆ. ಮೈನ್‌ಸ್ವೀಪರ್ ತನ್ನ ಹಿಂದೆ ಉದ್ದನೆಯ ಉಕ್ಕಿನ ಹಗ್ಗ ಎಳೆದುಕೊಂಡು ಸಾಗುತ್ತದೆ. ಹಗ್ಗದಲ್ಲಿರುವ ಕತ್ತರಿ ಆ ಸರಪಳಿಯನ್ನು ತುಂಡರಿಸಿದೊಡನೆ ಮೈನ್ ಮೇಲೆದ್ದು ಬರುತ್ತದೆ; ಅದನ್ನು ದೂರದಿಂದಲೇ ಗುಂಡು ಹೊಡೆದು ಮುಗಿಸುತ್ತಾರೆ. ಇಷ್ಟು ಚೆನ್ನಾಗಿ ಮಾಡಿದ ದಿನ ಏನೂ ನಡೆಯುವುದಿಲ್ಲ, ಹಾಗಾಗಿ ಬರೆಯುವವರಿಗೂ ಏನೂ ಸಿಗುವುದಿಲ್ಲ. ‘ಬೆಂಗಾಲ್’ ಇತಿಹಾಸಕ್ಕೆ ಸೇರಿದ್ದು ಬೇರೆ ಕೆಲಸದಿಂದ.

1942ರ ನವೆಂಬರ್ 11. ಡಚ್ ತೈಲನೌಕೆ ‘ಒಂಡಿನಾ’ಕ್ಕೆ ಬೆಂಗಾವಲಾಗಿ ‘ಬೆಂಗಾಲ್’ ಫ್ರೀಮ್ಯಾಂಟಲ್‌ನಿಂದ ಡಿಯೆಗೊ ಗಾರ್ಸಿಯಾ ಕಡೆ ಹೊರಟಿತ್ತು. ಕೋಕೋಸ್ ದ್ವೀಪಗಳ ನೈಋತ್ಯಕ್ಕೆ ಎದುರಾದವು ಜಪಾನಿನ ‘ಹೊಕೊಕು ಮಾರು’ ಮತ್ತು ‘ಐಕೊಕು ಮಾರು’. ಪ್ರಯಾಣಿಕರಿಗಾಗಿ ಕಟ್ಟಿ, ಆಮೇಲೆ ದೊಡ್ಡ ತೋಪು, ಟಾರ್ಪೆಡೊ ಹೇರಿ ಯುದ್ಧಕ್ಕಿಳಿಸಿದ ಹಡಗುಗಳಿವು. ಒಂದೊಂದೂ ಹತ್ತು ಸಾವಿರ ಟನ್ನಿಗೂ ಮಿಕ್ಕಿದ್ದು. ‘ಬೆಂಗಾಲ್’ ಮುಂಭಾಗದಲ್ಲಿದ್ದುದು ಒಂದೇ ಒಂದು 12 ಪೌಂಡರ್ ತೋಪು.

ಓಡಿದರೆ ಹಿಡಿಯುತ್ತಾರೆ. ಕ್ಯಾಪ್ಟನ್ ವಿಲಿಯಂ ವಿಲ್ಸನ್ ‘ಒಂಡಿನಾ’ಕ್ಕೆ ತಪ್ಪಿಸಿಕೊಳ್ಳಲು ಹೇಳಿ, ತಾವು ನೇರ ‘ಹೊಕೊಕು’ವಿನ ಕಡೆಗೇ ಹಡಗು ತಿರುಗಿಸಿದರು. ‘ಒಂಡಿನಾ’ ಓಡಲಿಲ್ಲ, ಅದೂ ತನ್ನ ಹಿಂಬದಿಯ ಒಂದೇ ತೋಪಿನಿಂದ ಹೊಡೆಯತೊಡಗಿತು. ಯಾವುದೋ ಒಂದು ಗುಂಡು ‘ಹೊಕೊಕು’ವಿನ ಟಾರ್ಪೆಡೊಗಳಿದ್ದ ಜಾಗಕ್ಕೆ ಬಡಿದು, ಬೆಂಕಿ ಹತ್ತಿ, ಹಡಗು ಸಿಡಿದು ಮುಳುಗಿತು. ಆ ಗುಂಡು ಯಾರದೆಂಬ ವಾದ ಇನ್ನೂ ಮುಗಿದಿಲ್ಲ. ಭಾರತದವರು ‘ಬೆಂಗಾಲ್’ದು ಎಂದರೆ ಡಚ್ಚರು ‘ಒಂಡಿನಾ’ದ್ದೆನ್ನುತ್ತಾರೆ. ನನಗೆ ಆ ಲೆಕ್ಕಕ್ಕಿಂತ ದೊಡ್ಡದೆನಿಸುವುದು ಹಡಗಿನ ಮೂತಿ ತಿರುಗಿಸಿದ ನಿರ್ಧಾರ.

ಹೊಗಳುವವರು ಬಿಟ್ಟುಬಿಡುವ ಭಾಗ ಮುಂದಿದೆ. ಮದ್ದುಗುಂಡು ಮುಗಿಯುತ್ತ ಬಂದಾಗ ‘ಬೆಂಗಾಲ್’ ಹೊಗೆಯ ಮರೆ ಎಬ್ಬಿಸಿ ದೂರ ಸರಿಯಿತು. ‘ಒಂಡಿನಾ’ ಕಥೆ ಮುಗಿಯಿತೆಂದೇ ವಿಲ್ಸನ್ ಭಾವಿಸಿದ್ದರು. ಅತ್ತ ‘ಒಂಡಿನಾ’ದ ಕ್ಯಾಪ್ಟನ್ ಸತ್ತರು, ದೋಣಿಗಿಳಿದ ನಾವಿಕರ ಮೇಲೂ ಜಪಾನೀಯರು ಮೆಷಿನ್‌ಗನ್ ಹಾರಿಸಿದರು. ಹಡಗು ಮುಳುಗುತ್ತದೆಂದುಕೊಂಡು ‘ಐಕೊಕು’ ಹೊರಟುಹೋಯಿತು. ಅದು ಮುಳುಗಲಿಲ್ಲ. ಉಳಿದವರು ಮತ್ತೆ ಹತ್ತಿ, ಬೆಂಕಿ ಆರಿಸಿ, ಹಡಗನ್ನು ಫ್ರೀಮ್ಯಾಂಟಲ್‌ಗೆ ಒಯ್ದರು. ‘ಬೆಂಗಾಲ್’ ಡಿಯೆಗೊ ಗಾರ್ಸಿಯಾ ಸೇರಿತು.

ಸ್ವಾತಂತ್ರ್ಯದ ನಂತರ ಭಾರತೀಯ ನೌಕಾಪಡೆಯಲ್ಲೇ ಉಳಿದ ಹಡಗು 1960ರಲ್ಲಿ ಗುಜರಿ ಸೇರಿತು. ಇದೇ ಕಸುಬಿನ ಹಡಗುಗಳಿಗೆ ಮುಂದೆ ನಮ್ಮ ಕರಾವಳಿಯ ಭಟ್ಕಳ, ಕಾರವಾರದ ಹೆಸರುಗಳೂ ಬಂದವು. ‘ಐಎನ್‌ಎಸ್ ಕಾರವಾರ’ 2017ರಲ್ಲಿ ನಿವೃತ್ತವಾಯಿತು. 2019ರಲ್ಲಿ ‘ಕೋಳಿಕ್ಕೋಡ್’ ಕೂಡ ಹೋದ ಮೇಲೆ ಇಷ್ಟುದ್ದದ ಕರಾವಳಿ ಕಾಯುವ ನೌಕಾಪಡೆಯಲ್ಲಿ ಮೈನ್‌ಸ್ವೀಪರ್ ಒಂದೂ ಉಳಿಯಲಿಲ್ಲ.